ಮಿಲ್ಲಿನ ಅಂಗಳದಾಗ ಮೊದಲ ಸಾಲು

...ನಗತಿಯಲ್ಲಬೇ ನೇತ್ರಾ? ನಗು, ನಗು! ನಾ ನಿನ್ನ ಕಾಳಜಿಗೆ ಹೇಳಾಕತ್ತೀನಿ. ಆ ಹೊಸ ಸೀರಿ ಬಿಚ್ಚಿ ಇಡು. ಇವತ್ತ ಆ ಹಳೇ ಅಕ್ಕಿ ಮಿಲ್ಲಿನ ಕಡೆ ಹೋಗಬ್ಯಾಡ.

ಯಾಕಂದ್ರ? ಮೊಣಕಾಲು ನೋವು ಅಂತ ನಿನ್ನೆ ತಾನಽ ಅಂದಿಲ್ಲ? ಆ ಸಿಮೆಂಟ್ ಅಂಗಳ ಈಗ ಹೆಂಗ ಕಾದಿರತೈತಿ! ಬಂದ ಮಂದಿ ನೆಳ್ಳಾಗ ಕುಂತು ಕಾಫಿ ಕುಡಿತಾರ, ನಿನ್ನ ಬಿಸಲಾಗ ಕರಡಿ ಕುಣಿಸಿದಂಗ ಕುಣಸ್ತಾರ... ಅವರು ಹಂಗಲ್ಲ? ಎಲ್ಲಾರೂ ಹಂಗಽ ಬೇ!

ಛಲೋ ಮಾಡ್ಯಾರ, ಇಲ್ಲನ್ನೂದಿಲ್ಲ. ಕಾಲುವಿ ದಂಡಿಗೆ ಹೊಟ್ಟಿನ ಬೂದಿ ಗುಡ್ಡಿ ಬಿದ್ದಿತ್ತಲ್ಲ, ಅಲ್ಲೆ ಈಗ ಕಲ್ಲಿನ ಬೆಂಚು, ದೀಪ, ಅಡ್ಡಾಡಾಕ ಹಾದಿ. ಬಾಯ್ಲರ್ ಇದ್ದ ಖೋಲಿ ಕಾಫಿ ಅಂಗಡಿ ಆಗೇತಿ. ಗಂಗಾವತಿ ಭಾಳ ಬೆಳೀತವ್ವ! ಮಿಲ್ಲು ಬಂದ್ ಆಗಿ ನಾವು ಮನಿಗೆ ಬಂದಾಗ ಒಬ್ಬರೂ ಕೇಳಲಿಲ್ಲ... ಈಗ ಉದ್ಘಾಟನಿಗೆ ಹಳೇ ಕೆಲಸದಾಕಿ ಬೇಕಂತ! ಕುದಿಸಿದ ನೆಲ್ಲು ಹರವಿ, ಕಾಲಿಲೆ ಸಾಲು ಬಿಟ್ಟು ಒಣಗಸೂದು ತೋರಸಬೇಕಂತ. ಮುಂದ ದಿನಾ ಅದಽ ನೌಕರಿ. ಗೋಡಿ ಮ್ಯಾಲ ಆಳೆತ್ತರ ಫೋಟೋ ಬ್ಯಾರೆ!

ಅದಕ್ಕ ನಿನ್ನನ್ನಽ ಯಾಕ ಕರೀಬೇಕು?

ಸುಮ್ನ ಕೇಳಿದೆ ತಗೋ. ಹೊಟ್ಟಿಕಿಚ್ಚಾ? ನನಗಾ? ನಿನ್ನ ಮ್ಯಾಲಾ?... ನೀ ಬೇವೂರಿಂದ ಮದಿವಿಯಾಗಿ ಬಂದಾಗ, ಕಾಲು ಸುಡತಾವಂತ ಅಂಗಳದಾಗ ನಿಂತು ಅಳತಿದ್ದಿ. ನಿಲ್ಲಬ್ಯಾಡ, ಪಾದ ಎತ್ತಬ್ಯಾಡ, ಸರಸಕೋಂತ ಹೋಗು ಅಂತ ಕಲಿಸಿದಾಕಿ ಯಾರು? ಈ ಹುಲಿಗವ್ವ! ವರ್ಷದೊಳಗ ಮೇಸ್ತ್ರಿ ಏನಂದ? 'ಹುಲಿಗವ್ವಾ, ನೇತ್ರಾನ ಸಾಲು ನೋಡಿ ಕಲಿ' ಅಂದ. ನಾ ನೋಡಿ ಕಲೀಬೇಕಂತ... ನಾ! ಎಲ್ಲಾರೂ ನಕ್ಕರು. ನೀನೂ ನಕ್ಕಿ. ಇಲ್ಲ ಅನಬ್ಯಾಡ, ಬಾಯಿಗೆ ಸೆರಗು ಇಟಗೊಂಡು ನಕ್ಕಿ. ಆವತ್ತಿನ ಉರಿ ಇನ್ನಾ ಆರಿಲ್ಲ ನನಗ.

ಹೋಗಲಿ ಬಿಡು... ಯಾಕ ಬಾಗಲಾ ನೋಡತಿ? ಮಿಲ್ಲಿನವರು ಕಳಸತೀನಿ ಅಂದ ಗಾಡಿ ಬರೂದಿಲ್ಲ.

ನನಗ ಹೆಂಗ ಗೊತ್ತಂದ್ರ... ಬರೂದಿದ್ರ ಇಷ್ಟೊತ್ತಿಗೆ ಬರತಿತ್ತು, ಅಷ್ಟಽ. ದೊಡ್ಡ ಮಂದಿ, ಮರತಿರತಾರ. ನೀ ರೊಟ್ಟಿ ಬಡಿ ಹೋಗು.

ಫೋನ್ ಯಾಕ ತಗೊಂಡಿ? ನಿನ್ನ ಕರದ ಆ ಮಿಲ್ಲಿನ ಮೇಡಮ್ಮಗ ಹಚ್ಚಬ್ಯಾಡ! ಕೆಲಸದಾಗ ಇರತಾರ... ಇಡು ಕೆಳಗ.

ಹಾಂ, ಇಟ್ಟಿ. ಛಲೋ ಆತು.

ನನ್ನ ಕಾಲು ಯಾಕ ನೋಡತಿ? ಅರಿಷಿಣ ಹಚ್ಚೀನಿ, ಏನೀಗ? ಹೆಣ್ಮಕ್ಕಳು ಹಚ್ಚಿಕೊಳ್ಳೂದಿಲ್ಲೇನು? ಕಾಲುಂಗುರ... ಅದೂ... ಸುಮ್ನ ತಿಕ್ಕಿದೆ.

ನೇತ್ರಾ. ಹಂಗ ನೋಡಬ್ಯಾಡ.

ಹೂನವ್ವ, ಹೇಳೀನಿ! ನೇತ್ರಾ ಮಗಳ ಊರಿಗೆ ಹೋಗ್ಯಾಳ, ಹುಲಿಹೈದರಕ್ಕ, ನಾನಽ ಬರತೀನಿ ಅಂತ ಮುಂಜಾನೆ ಮೇಡಮ್ಮಗ ನಾನಽ ಹೇಳೀನಿ. ಗಾಡಿ ನಮ್ಮ ಮನಿಗೆ ಬರತೈತಿ. ಬೈ! ಬಾಯಿಗೆ ಬಂದಂಗ ಬೈ, ಓಣಿ ಮಂದಿನ್ನ ಕರಿ...

ಏ, ಎದ್ದು ಎಲ್ಲಿ ಹೊಂಟಿ? ಆ ಬಟ್ಟಲದಾಗ ಏನು?... ಕೆಳಗ ಯಾಕ ಕುಂತಿ? ನೇತ್ರಾ, ಕಾಲು ಬಿಡು. ಹಿಮ್ಮಡಿಗೆ ಅರಿಷಿಣ ಹತ್ತಿಲ್ಲೇನು? ನಾ ಹಚ್ಚಿಗೋತೀನಿ, ನೀ ಬಿಡು... ಬಿಡಬೇ ನಮ್ಮವ್ವಾ, ಇದಕಿಂತ ನೀ ಹೊಡದಿದ್ರ ಛಲೋ ಇತ್ತು!