ನಗಾರಿ ನುಂಗಿದ ಕೂಗು

ಹತ್ತಿರ ಬನ್ರಪ್ಪಾ, ಕೂತ್ಕೊಳ್ಳಿ. ಯಾವ ಕಾಲವೋ ಏನೋ, ಯಾವ ಸೀಮೆಯೋ ಏನೋ, ಅಲ್ಲೊಬ್ಬ ರಾಜ ಇದ್ದ. ಹೆಸರು ವೀರಗೊಂಡ. ಪಕ್ಕದಲ್ಲಿ ಕೋಟೆ ಕಟ್ಟಿಕೊಂಡಿದ್ದ ಒಂದು ಸಣ್ಣ ಊರು, ಕದಿರೂರು. ಆ ಊರಿನ ಕೆರೆ ಮೇಲೆ ಇವನ ಕಣ್ಣು ಬಿತ್ತು. ಕೇಳಿದನಾ? ಇಲ್ಲ. ದಂಡು ಕಟ್ಟಿಕೊಂಡು ಹೊರಟ.

ಆದರೆ ಆ ಸೀಮೆಯಲ್ಲಿ ದೇವರು ಹಾಕಿಕೊಟ್ಟ ಕಟ್ಟಳೆ ಒಂದಿತ್ತು ಕೇಳಿ. ಯಾವ ಊರ ಮೇಲೆ ದಂಡೆತ್ತಿ ಹೋದರೂ ಮೊದಲು "ಸಂಧಾನಕ್ಕೆ ಬರ್ತೀರಾ?" ಅಂತ ಮೂರು ಸಲ ಕೂಗಬೇಕು. ಬರ್ತೀವಿ ಅಂದರೆ ಒಂದು ಹನಿ ರಕ್ತ ಬೀಳಬಾರದು. ಕೂಗು ಕೇಳೋವರೆಗೆ ಒಳಗಿನವರೂ ಹೊರಗೆ ಕಾಲಿಡಬಾರದು. ಇಟ್ಟರೆ ಕಾಳಗಕ್ಕೇ ಬಂದ ಹಾಗೆ.

ಕೂಗುವ ಕೆಲಸ ಡಂಗುರದ ಬೀರಣ್ಣನದು. ಅವನ ಒಬ್ಬಳೇ ತಂಗಿ ಕೆಂಚವ್ವನನ್ನ ಕೊಟ್ಟಿದ್ದು ಅದೇ ಕದಿರೂರಿಗೆ. ಅವನ ಸಂಕಟ ಯಾರಿಗೆ ಹೇಳೋಣ? ದಂಡು ಕೋಟೆ ಬಾಗಿಲಿಂದ ಬಲು ದೂರದಲ್ಲೇ ನಿಂತಿತ್ತು, ದಂಡಿನ ನಗಾರಿ ಬೇರೆ ಕಿವಿ ಒಡೆಯೋ ಹಾಗೆ ಬಡೀತಾ ಇತ್ತು.

"ಬುದ್ಧೀ, ಬಾಗಿಲ ಹತ್ರ ಹೋಗಿ ಕೂಗ್ತೀನಿ," ಅಂದ.

"ಇಲ್ಲೇ ನಿಂತು ಕೂಗೋ. ಹೆಜ್ಜೆ ಮುಂದಿಟ್ರೆ ತಲೆ ಇರಲ್ಲ," ಅಂದ ರಾಜ.

"ನಗಾರಿನಾದ್ರೂ ನಿಲ್ಲಿಸಿ ಬುದ್ಧೀ."

"ನಗಾರಿ ನಿಲ್ಲಿಸು ಅಂತ ಕಟ್ಟಳೇಲಿ ಎಲ್ಲಿದೆ?"

ನೋಡಿದಿರಾ ಇವನ ಧರ್ಮ! ಕಟ್ಟಳೆ ಮುರೀಬಾರದು, ಊರೂ ಉಳೀಬಾರದು. ಥೂ!

ಬೀರಣ್ಣ ಕೂಗಿದ, ನಗಾರಿ ನುಂಗಿತು. ಮತ್ತೆ ಕೂಗಿದ, ನಗಾರಿ ನುಂಗಿತು. ಗಂಟಲು ಹರಿಯೋ ಹಾಗೆ ಕೂಗಿದ, ಅದನ್ನೂ ನುಂಗಿತು. ಓಡಿಹೋಗಿ ಬಾಗಿಲು ಬಡೀಬಹುದಿತ್ತಲ್ಲ? ಬಡೀಬಹುದಿತ್ತು. ಜೀವದಾಸೆ ಕಣ್ರಪ್ಪಾ, ಕಾಲು ಏಳಲಿಲ್ಲ.

"ಕೂಗಿದ್ದಾಯ್ತು, ಉತ್ತರ ಬರಲಿಲ್ಲ. ನುಗ್ಗಿ!" ಅಂದ ರಾಜ.

ಆಳುಗಳು ದೊಡ್ಡ ದಿಮ್ಮಿ ಹೊತ್ತು ಬಾಗಿಲಿಗೆ ಗುದ್ದಿದರು. ಏನಾಯ್ತು ಗೊತ್ತಾ? ಒಂದೇ ಏಟಿಗೆ ಬಾಗಿಲು ತೆರೆದು, ದಿಮ್ಮಿ ಸಮೇತ ಒಳಗೆ ಬಿದ್ದರು. ಅಗುಳಿಯನ್ನೇ ಹಾಕಿರಲಿಲ್ಲ! ಒಳಗೆ ಊರಿಗೆ ಊರೇ ಕೂತಿತ್ತು, ಕೈಯಲ್ಲಿ ಒಂದು ಕೋಲೂ ಇಲ್ಲ. ಕೂಗು ಕೇಳಿದ ತಕ್ಷಣ ಬರ್ತೀವಿ ಅನ್ನೋಣ, ಕೆರೆ ನೀರು ಹಂಚಿಕೊಳ್ಳೋಣ ಅಂತ, ಬಂದವರಿಗೆ ಕಾಲು ತೊಳೆಯೋ ನೀರು ಇಟ್ಟುಕೊಂಡು ಕಾಯ್ತಾ ಇದ್ದರು.

ನುಗ್ಗಿದ ದಂಡು ನಿಲ್ಲುತ್ತಾ? ಮುದುಕರು ಅನ್ನಲಿಲ್ಲ, ಬಸುರಿಯರು ಅನ್ನಲಿಲ್ಲ, ಕೂಸು ಅನ್ನಲಿಲ್ಲ. ಎಲ್ಲರನ್ನೂ ಕಡಿದು ಹಾಕಿದರು.

ಬೀರಣ್ಣ ಹೆಣಗಳ ನಡುವೆ ತಂಗಿಯನ್ನ ಹುಡುಕಿದ. ಕೆಂಚವ್ವ ಬಾಗಿಲ ಪಕ್ಕದಲ್ಲೇ ಬಿದ್ದಿದ್ದಳು. ಇನ್ನೂ ಉಸಿರಿತ್ತು.

"ಬಾಗಿಲಿಗೆ ಕಿವಿ ಕೊಟ್ಟೇ ಕೂತಿದ್ದೆ ಅಣ್ಣಯ್ಯ," ಅಂದಳು. "ನಮ್ಮಣ್ಣ ಕೂಗೇ ಕೂಗ್ತಾನೆ, ಹೆದರಬೇಡಿ ಅಂತ ಎಲ್ಲಾರ್ಗೂ ನಾನೇ ಹೇಳಿದ್ದೆ. ಯಾಕೆ ಕೂಗಲಿಲ್ಲ?"

ಬೀರಣ್ಣ ಬಾಯಿ ತೆರೆದ. ಕೂಗಿ ಕೂಗಿ ಗಂಟಲು ಕಟ್ಟಿತ್ತು, ಮಾತು ಹೊರಡಲಿಲ್ಲ. ಅವಳು ಉತ್ತರಕ್ಕೆ ಕಾಯ್ತಾ ಕಾಯ್ತಾನೇ ಹೋದಳು.

ಆ ಊರು ಅಲ್ಲಿಗೆ ಮುಗೀತು, ನನ್ನ ಕಥೆ ಇಲ್ಲಿಗೆ ಮುಗೀತು. ಏಳ್ರಪ್ಪಾ, ನಿಮ್ಮ ನಿಮ್ಮ ಮನೆ ಸೇರಿಕೊಳ್ಳಿ.