ಮಗುವಿಗೊಂದು ಹೆಸರು

ಚರ್ಚಿನ ಸಮಾಲೋಚನೆ ಕೋಣೆಯ ಹೊರಗೆ ಎಲೆಕ್ಟ್ರಿಷಿಯನ್ ಏಣಿ ಹತ್ತಿ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಫ್ಯಾನ್ ಬಿಚ್ಚುತ್ತಿದ್ದ. ಮೇಲೊಬ್ಬನಿದ್ದಾನೆ ಎಂಬ ಖಬರು ಕೆಳಗಿನವರಿಗಿರಲಿಲ್ಲ. ಸಿಸ್ಟರ್ ಹತ್ತಿರ ಮಾತಾಡಿ ಆಗಷ್ಟೇ ಹೊರಬಂದ ಸೊಸೆಯ ಕಣ್ಣು ಊದಿತ್ತು. ಬೆಂಚಿನಲ್ಲಿ ಕಾಯುತ್ತಿದ್ದ ಅತ್ತೆ ಕೇಳಿದ್ದು ಒಂದೇ.

“ನನ್ನ ಹೆಸರು ಎತ್ತಿಲ್ಲ ತಾನೇ?”

“ಗರ್ಭ ತೆಗೆಸು ಅಂದಿದ್ದು ಯಾರು ಅಂತ ಸಿಸ್ಟರ್ ಕೇಳ್ಲೇ ಇಲ್ಲ ಅತ್ತೆ. ಅಳು ಬಂದ್ರೆ ಅತ್ತುಬಿಡು ಅಂದ್ರು.”

“ಸದ್ಯ! ಮಹಿಳಾ ಸಂಘದ ಅಧ್ಯಕ್ಷೆ ನಾನು, ಮಾನ ಮರ್ಯಾದೆ ಅಂತ ಒಂದಿದೆ. ನೀನು ಮನಸ್ಸು ಹಗುರ ಮಾಡ್ಕೋ. ಮುಂದಿನ ಸಲ ಗಂಡಾಗುತ್ತೆ.”

ಥೂ ಅನ್ನೋಣವೆಂದರೆ ಎಲೆಕ್ಟ್ರಿಷಿಯನ್ ಬಾಯಲ್ಲಿ ಸ್ಕ್ರೂ.

“ಮಗೂಗೆ ಒಂದು ಹೆಸರಿಡು ಅಂದ್ರು. ಹೆಸರಿಟ್ರೆ ದುಃಖ ಸ್ವಲ್ಪ ಇಳಿಯುತ್ತಂತೆ.”

“ಇಟ್ಟುಬಿಡು, ಅದಕ್ಕೇನು ಖರ್ಚಾ?”

“ಇಟ್ಟೆ. ಭಾನುವಾರದ ಪೂಜೇಲಿ ಫಾದರ್ ಆ ಹೆಸರು ಹೇಳಿ ಎಲ್ರ ಕೈಲೂ ಪ್ರಾರ್ಥನೆ ಮಾಡಿಸ್ತಾರಂತೆ.”

“ಏನಂತ ಇಟ್ಟೆ?”

“ಮೊದಲನೇ ಮೊಮ್ಮಗಳಲ್ವಾ ಅತ್ತೆ? ನಿಮ್ಮ ಹೆಸರೇ ಇಟ್ಟೆ.”

ಸೊಸೆ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದಳು. ಅತ್ತೆ ಬೆಂಚಿನಿಂದ ಏಳಲಿಲ್ಲ.