ಶೆಡ್ಡಿನ ಮೇಲಿನ ಹುಲ್ಲು

ಬೆಳಗ್ಗೆ ಏಳೂಕಾಲು. ಇಚಲಕರಂಜಿ ನಿಲ್ದಾಣದಲ್ಲಿ ಗಡಹಿಂಗ್ಲಜ ಬಸ್ಸಿಗೆ ಕಾಯುತ್ತಿದ್ದ ಭರತೇಶನ ಪಕ್ಕದಲ್ಲೇ, ಪಾಳಿ ಮುಗಿಸಿ ಮೋಟಾರ್ ಸೈಕಲ್ಲಿನಲ್ಲಿ ಬಂದ ಮಗ್ಗದ ಕೆಲಸಗಾರನೊಬ್ಬ ಚೀಲ ಹಿಡಿದ ಮುದುಕಿಯನ್ನು ತಡೆದ.

“ಹೀರಕ್ಕಾ, ನಮ್ಮ ಮಗ್ಗದ ಶೆಡ್ಡಿನ ಮ್ಯಾಲೆ ನೀವು ಹಾಕಿದ ಮಣ್ಣು, ಬೆಳಸಿದ ಹುಲ್ಲು ಎಲ್ಲಾ ಮಾಲಕ ಇವತ್ತ ತಗಸ್ತಾನಂತ. ಸ್ಲ್ಯಾಬ್ ಸೋರತೈತಂತ.”

“ಎಲ್ಲಿ ಸೋರೈತೋ ಗುಂಡೂ? ಮೊನ್ನಿ ಮಳೀನ ಆ ಮಣ್ಣ ಕುಡೀತು. ಬಾಜೂ ಶೆಡ್ಡಿನ ನೀರು ಧೋ ಅಂತ ಗಲ್ಲಿಗೆ ಬಿತ್ತಲ್ಲ?”

“ಹೌದ್ರಿ.”

“ಹಂಗಂತ ಹೇಳಬಾರದ?”

“ನನ್ನ ಮಾತು ಕೇಳ್ತಾನೇನ್ರಿ? ನೀವ ಬರ್ರಿ.”

“ಮುದಕಿಗಿ ಕುಂದ್ರಾಕ ತ್ವಾಟ ಬೇಕಂತ ಅಂತ ನಗ್ತಾನ.”

“ಬ್ಯಾಡೇನ್ರಿ?”

“ಬೇಕಪಾ. ಅಲ್ಲಿ ಕುಂತ್ರ ಕೆಳಗ ಮಗ್ಗ ಓಡೂದು ಕಾಲಿಗಿ ತಿಳೀತೈತಿ. ಮನ್ಯಾಗ ನಾ ಒಬ್ಬಾಕಿ, ಅಷ್ಟೂ ಸಪ್ಪಳ ಇಲ್ಲ.”

ಬಸ್ಸು ಬಂತು. ಭರತೇಶ ಹತ್ತಿ ಕಿಟಕಿಯಿಂದ ನೋಡಿದ. ಹೀರಕ್ಕ ಚೀಲ ತೊಡೆಯ ಮೇಲಿಟ್ಟುಕೊಂಡು, ಗುಂಡೂನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಶೆಡ್ಡಿನ ಕಡೆ ಹೋದಳು.